ಬರ್ಮದಿಂದ ತಂದ ತಂಗಿ

ರಂಗೂನಿಗೆ ಜಪಾನಿನ ಬಾಂಬು ಬಿದ್ದ ಮೇಲೆ ಊರಿಗೆ ಮರಳಿದವರಲ್ಲಿ ತೆಂಕಬೈಲಿನ ಮುದ್ದಣ್ಣ ರೈಯೂ ಒಬ್ಬ. ಮದರಾಸಿನಿಂದ ಬಂದ ರೈಲು ಕುಂಬಳೆಯಲ್ಲಿ ನಿಂತಾಗ ಅವನು ಕೆಮ್ಮುತ್ತ ಇಳಿದ. ಅವನ ಹಿಂದೆ, ಟ್ರಂಕನ್ನು ತಾನೇ ಎತ್ತಿಕೊಂಡು, ಅವನ ಹೆಂಡತಿ ಇಳಿದಳು. ಸೊಂಟಕ್ಕೆ ಲುಂಗಿಯಂಥ ಬಟ್ಟೆ, ಮೇಲೊಂದು ಬಿಳಿ ರವಿಕೆ, ಕೆನ್ನೆಗೆ ಬಳಿದ ಹಳದಿ ಲೇಪ. ಅವಳ ಬಟ್ಟೆಯ ಅಂಚು ಹಿಡಿದಿದ್ದ ಆರು ವರ್ಷದ ಹುಡುಗಿಯ ಕೆನ್ನೆಗೂ ಅದೇ ಲೇಪ. ಸ್ಟೇಷನ್ನಿನಲ್ಲಿದ್ದವರೆಲ್ಲ ಬಾಯಿಬಿಟ್ಟುಕೊಂಡು ನೋಡಿದರು. ನೋಡಲಿ. ಊರು ಇರುವುದೇ ನೋಡುವುದಕ್ಕೆ. ಅನ್ನ ಇಕ್ಕುವ ಹೊತ್ತಿನಲ್ಲಿ ಮಾತ್ರ ಅದಕ್ಕೆ ಕಣ್ಣು ಕಾಣಿಸುವುದಿಲ್ಲ.

ಮುದ್ದಣ್ಣ ಮೀಸೆ ಮೂಡುವ ಮೊದಲೇ ಮನೆ ಬಿಟ್ಟವನು. ರಂಗೂನಿನ ಒಂದು ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊತ್ತು, ಆಮೇಲೆ ಮೇಸ್ತ್ರಿಯಾಗಿ, ಮಿಲ್ಲಿನ ಗೇಟಿನ ಬಳಿ ಅನ್ನ ಮೀನು ಮಾರುತ್ತಿದ್ದ ಮಾ ಖಿನ್ ಎಂಬವಳನ್ನು ಮದುವೆಯಾದ. ಗಟ್ಟಿಗಿತ್ತಿ ಹೆಣ್ಣು. ಬಾಂಬಿಗೆ ಅವಳ ತವರಿನ ಬೀದಿಯೇ ಉರಿದುಹೋಯಿತು. ಅಪ್ಪ ಅಮ್ಮನ ಹೆಣವೂ ಸಿಗಲಿಲ್ಲ. ಹಡಗಿನ ಮೇಲೆ, ಜನರ ಕಾಲಸಂದಿಯಲ್ಲಿ ನೆನೆಯುತ್ತ ಕೂತು ಬರುವಾಗ, ಅಳುವ ಹೆಂಡತಿಗೆ ಮುದ್ದಣ್ಣ ಒಂದೇ ಮಾತು ಹೇಳುತ್ತಿದ್ದ: "ನಮ್ಮ ಮನೆ ದೊಡ್ಡದು. ಅಲ್ಲಿಗೆ ಮುಟ್ಟಿದರೆ ಆಯಿತು." ಮಾತು ಸುಳ್ಳಲ್ಲ, ಮನೆ ದೊಡ್ಡದೇ. ಆದರೆ ಅದು ಅವನ ಹೆಂಡತಿಯದ್ದೂ ಅಲ್ಲ, ಮಗಳದ್ದೂ ಅಲ್ಲ ಎಂಬುದನ್ನು ಅಷ್ಟು ವರ್ಷ ಹೊರಗಿದ್ದವನು ಮರೆತೇಬಿಟ್ಟಿದ್ದ.

ಅಳಿಯಸಂತಾನದ ಮನೆಗಳ ಕ್ರಮ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಅಲ್ಲಿ ಮನೆ ಮುಂದುವರಿಯುವುದು ಹೆಣ್ಣಿನಿಂದ. ಅಮ್ಮನ ಮನೆಯೇ ಮಕ್ಕಳ ಮನೆ, ಅಮ್ಮನ ಬರಿಯೇ ಮಕ್ಕಳ ಬರಿ. ಬರಿ ಎಂದರೆ ತಾಯಿಯಿಂದ ಇಳಿದು ಬರುವ ಕುಲ. ಒಂದೇ ಬರಿಯವರೆಂದರೆ ಒಡಹುಟ್ಟಿದವರಿದ್ದ ಹಾಗೆ, ಅವರೊಳಗೆ ಮದುವೆಯ ಮಾತೇ ಇಲ್ಲ. ಮನೆಯ ಗಂಡಸು ದುಡಿದದ್ದು, ಆಳಿದ್ದು ಎಲ್ಲ ಅಕ್ಕತಂಗಿಯರ ಮಕ್ಕಳಿಗೆ. ಹೆಂಡತಿಗೂ ತನ್ನ ಮಕ್ಕಳಿಗೂ ಅವನು ಬಿಟ್ಟುಹೋಗುವಂಥದ್ದು ಏನೂ ಇಲ್ಲ. ಹಾಗೆಂದು ಯಾರೂ ಬೀದಿಗೆ ಬೀಳುವುದಿಲ್ಲ, ಯಾಕೆಂದರೆ ಪ್ರತಿ ಹೆಂಡತಿಗೂ ಎಲ್ಲಾದರೊಂದು ತಾಯಿಮನೆ ಇದ್ದೇ ಇರುತ್ತದೆ. ಈ ಕಟ್ಟು ಮಾಡಿದ ಹಿರಿಯರು ಬರ್ಮವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ.

ತೆಂಕಬೈಲು ಪೆರ್ಲದಿಂದ ಒಳಗೆ, ಗದ್ದೆಗಳ ಅಂಚಿನಲ್ಲಿ. ಮನೆಯ ಯಜಮಾನ್ತಿ ಮುದ್ದಣ್ಣನ ಅಕ್ಕ ಜಲಜಾಕ್ಷಿ. ಅವಳ ಗಂಡ ಅಡೂರಿನ ತನ್ನ ಮನೆಯಲ್ಲಿದ್ದುಕೊಂಡು ಬಂದು ಹೋಗುವವನು. ಹುಟ್ಟಿದ್ದು ಒಬ್ಬನೇ ಮಗ. ಗಂಡು ಮಕ್ಕಳಿಂದ ಮನೆ ತುಂಬೀತು, ಮುಂದುವರಿಯುವುದಿಲ್ಲ. ಹೆಣ್ಣಿಗಾಗಿ ಅವಳು ಹೊರದ ಹರಕೆಯಿಲ್ಲ, ಸುತ್ತದ ಕಲ್ಲಿಲ್ಲ. ತನ್ನ ಕಾಲಕ್ಕೆ ತೆಂಕಬೈಲಿನ ದೀಪ ನಂದುತ್ತದೆಂಬ ಚಿಂತೆ ಅವಳ ಮೋರೆಯಲ್ಲೇ ಇತ್ತು.

ಮೆಟ್ಟಿಲಿಗೆ ಕಾಲು ತೊಳೆಯಲು ನೀರು ತಂದಿಟ್ಟು ಅವಳು ತಮ್ಮನ ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಹೆಸರೆಂತ ಇವಳದ್ದು?"

"ಖಿನ್."

"ಕಿನ್ನಿಯಾ? ಸರಿ. ನಮ್ಮಲ್ಲಿಯೂ ಉಂಟು ಆ ಹೆಸರು."

ಆಮೇಲೆ ಹುಡುಗಿಯನ್ನು ನೋಡಿದಳು. ರಂಗೂನಿನಲ್ಲಿರುವಾಗಲೇ ಮುದ್ದಣ್ಣ ಮಗಳಿಗೆ ಕಮಲ ಎಂದು ಹೆಸರಿಟ್ಟಿದ್ದ. ಜಲಜಾಕ್ಷಿ ಆ ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡವಳು ಊಟದ ಹೊತ್ತಿನವರೆಗೆ ಕೆಳಗಿಳಿಸಲಿಲ್ಲ. ಅಕ್ಕನ ಮನಸ್ಸು ಒಳ್ಳೆಯದೆಂದು ಮುದ್ದಣ್ಣನಿಗೆ ಕಣ್ಣು ತುಂಬಿ ಬಂತು. ಒಳ್ಳೆಯದೇ, ಇಲ್ಲವೆಂದವರು ಯಾರು? ಆದರೆ ಹಸಿದವನ ಒಳ್ಳೆಯತನವನ್ನು ಅನ್ನದ ತಟ್ಟೆಯ ಮುಂದೆ ಅಳೆಯಬಾರದು.

ಕಿನ್ನಿ ಹೊಂದಿಕೊಂಡಳು. ಒಣಮೀನಿನ ಚಟ್ನಿಯನ್ನು ಅವಳು ಬೆರಳು ಚೀಪಿ ತಿಂದದ್ದನ್ನು ನೋಡಿ ಕೆಲಸದ ಹೆಂಗಸರು, "ಇವಳು ನಮ್ಮವಳೇ ಮಾರಾಯ್ತಿ" ಎಂದು ನಕ್ಕರು. ಗದ್ದೆಯಲ್ಲಿ ಭತ್ತದ ನೇಜಿ ನೆಡುವುದು ಅವಳಿಗೆ ಹುಟ್ಟಿನಿಂದ ಗೊತ್ತಿದ್ದ ಕೆಲಸ. ಮುಂಜಾನೆ ಮಾತ್ರ ಅವಳು ಟ್ರಂಕಿನಿಂದ ಒಂದು ಮರದ ಕೊರಡು ತೆಗೆದು, ಕಲ್ಲಿನ ಮೇಲೆ ನೀರು ಹಾಕಿ ತೇಯ್ದು, ತನ್ನ ಕೆನ್ನೆಗೂ ಮಗಳ ಕೆನ್ನೆಗೂ ಹಚ್ಚುತ್ತಿದ್ದಳು. ಆ ಪರಿಮಳ ಬಂದಾಗಲೆಲ್ಲ ಮುದ್ದಣ್ಣನಿಗೆ ಮಿಲ್ಲಿನ ಗೇಟು ನೆನಪಾಗುತ್ತಿತ್ತು.

ಕೆಮ್ಮು ನಿಲ್ಲಲಿಲ್ಲ. ಸಂಜೆಯಾದರೆ ಜ್ವರ, ಪಕ್ಕೆಯಲ್ಲಿ ನೋವು, ಒಂದು ದಿನ ಉಗುಳಿನಲ್ಲಿ ರಕ್ತ. ವೈದ್ಯರಾದ ಶಿವಸುಬ್ರಹ್ಮಣ್ಯ ಭಟ್ಟರು ನಾಡಿ ಹಿಡಿದು, ಹೊರಗೆ ಬಂದು, ಜಗಲಿಯಲ್ಲಿ ಜಲಜಾಕ್ಷಿಗೆ ಹೇಳಿದರು: "ಕ್ಷಯ ಅಂತ ಕಾಣ್ತದೆ. ಈ ಮಳೆಗಾಲದ ಆಟಿ ತಿಂಗಳು ದಾಟುವುದು ಸಂಶಯ." ಗೋಡೆಯ ಈಚೆ ಮಲಗಿದ್ದ ಮುದ್ದಣ್ಣನಿಗೆ ಅದು ಕೇಳಿಸಿತು.

ಸಾಯುವುದಕ್ಕೆ ಅವನೇನೂ ಅಷ್ಟು ಹೆದರಲಿಲ್ಲ. ಅವನ ಕಣ್ಣಿಗೆ ಕಟ್ಟಿದ್ದು ಅಮ್ಮನ ಅಣ್ಣ, ದೊಡ್ಡಮಾವ ಸತ್ತ ದಿನ. ಅವನಾಗ ಸಣ್ಣ ಹುಡುಗ. ತೆಂಕಬೈಲಿನ ಕಟ್ಟಿನ ಪ್ರಕಾರ ಹೆಣ ಅಂಗಳ ದಾಟುವ ಮೊದಲೇ ಸತ್ತವನ ಹೆಂಡತಿ ಮಕ್ಕಳು ಮನೆ ಬಿಡಬೇಕು. ಮಾಮಿ ಕೂಸನ್ನು ಎತ್ತಿಕೊಂಡು, ಬಟ್ಟೆಯ ಗಂಟು ಹಿಡಿದು, ಗದ್ದೆಯ ಬದುವಾದ ಹುಣಿಯ ಮೇಲೆ ನಡೆದುಹೋದಳು. ಅದನ್ನು ಕ್ರೂರವೆಂದು ಯಾರೂ ತಿಳಿಯಲಿಲ್ಲ, ಮಾಮಿಯೂ ತಿಳಿಯಲಿಲ್ಲ. ಗದ್ದೆಯಾಚೆ ಅವಳ ತಾಯಿಮನೆ ಇತ್ತು, ಅಲ್ಲಿ ಗಂಜಿ ಬೇಯಿಸಿ ಕಾಯುವವರಿದ್ದರು. ಅದೇ ಹುಣಿಯ ಮೇಲೆ ಕಿನ್ನಿ, ಕಮಲ ನಡೆಯುವುದನ್ನು ಮುದ್ದಣ್ಣ ಮಲಗಿದಲ್ಲೇ ಕಂಡ. ಅವರು ನಡೆಯುತ್ತಲೇ ಇದ್ದರು. ಆಚೆ ಮನೆಯೇ ಇರಲಿಲ್ಲ.

"ಅಕ್ಕ, ನಾನು ಹೋದ ಮೇಲೆ ಇವರದ್ದು ಎಂತ?" ಎಂದು ಕೇಳಿದ.

"ಹೋಗುವ ಮಾತು ಈಗ ಯಾಕೆ?"

"ಭಟ್ಟರು ಹೇಳಿದ್ದು ನನಗೂ ಕೇಳಿದೆ."

ಜಲಜಾಕ್ಷಿ ಅವನ ಪಕ್ಕದಲ್ಲಿ ಕೂತಳು. ಅವಳು ಇದನ್ನು ಮೊದಲೇ ಯೋಚಿಸಿಟ್ಟಿದ್ದಳೆಂಬುದು ಮಾತು ಶುರುವಾದ ರೀತಿಯಲ್ಲೇ ತಿಳಿಯಿತು.

"ನಾನಿರುವಷ್ಟು ಕಾಲ ಅವರನ್ನು ಯಾರೂ ಏಳಿಸುವುದಿಲ್ಲ. ನನ್ನ ನಂತರ? ಕುಟುಂಬದವರು ಬಂದು ಇವರು ಯಾರು ಅಂತ ಕೇಳಿದರೆ? ನಾಳೆ ಕಮಲನನ್ನು ಕೇಳಿಕೊಂಡು ಬಂದವರು ಮೊದಲು ಬರಿ ಯಾವುದು ಅಂತ ಕೇಳ್ತಾರೆ. ಎಂತ ಹೇಳುವುದು? ಒಂದು ದಾರಿ ಉಂಟು. ಕಿನ್ನಿಯನ್ನು ನಮ್ಮ ಬರಿಗೆ ಸೇರಿಸುವುದು. ದೈವದ ಎದುರು ಹಾಲು ಕೊಟ್ಟು, ನಮ್ಮ ಅಮ್ಮನ ಮಗಳು ಅಂತ ಮಾಡಿಕೊಳ್ಳುವುದು. ಆಗ ಕಮಲ ಈ ಮನೆಯ ಹೆಣ್ಣು. ಅವಳನ್ನು ಮತ್ತೆ ಯಾರೂ ಅಲುಗಿಸುವ ಹಾಗಿಲ್ಲ."

"ನಮ್ಮ ಅಮ್ಮನ ಮಗಳು ಅಂದರೆ ನನಗೆ ತಂಗಿ."

"ಹೌದು."

"ಭಾವನ ಬರಿಗೆ ಸೇರಿಸಬಹುದಲ್ಲ? ಅಡೂರಿನವರನ್ನು ಕೇಳಿದರೆ?"

"ಕೇಳಿಸಿದೆ. ಒಪ್ಪಲಿಲ್ಲ. ದೇಶ ಯಾವುದು, ಜಾತಿ ಯಾವುದು ಅಂತ ಗೊತ್ತಿಲ್ಲದವಳಿಗೆ ಬೇರೆ ಯಾರು ಹಾಲು ಕೊಡ್ತಾರೆ ಮಾರಾಯ?"

ಅವಳು ನಿಜವಾಗಿ ಕೇಳಿಸಿದ್ದಳೋ ಇಲ್ಲವೋ, ಮುದ್ದಣ್ಣನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆ ಹೊತ್ತಿಗೆ ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಹೆಂಡತಿಯನ್ನು ತಂಗಿ ಮಾಡಿದರೆ ತಾನು ಗಂಡನಾಗಿ ಉಳಿಯುವುದಿಲ್ಲ. ಆದರೆ ಆಟಿ ಕಳೆದರೆ ತಾನೇ ಉಳಿಯುವುದಿಲ್ಲವಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎಂದುಕೊಂಡ. ಆ ಲೆಕ್ಕದಲ್ಲಿ ಹಾವು ತಾನೇ ಎಂಬುದು ಅವನಿಗೆ ಗೊತ್ತಿತ್ತು.

ಖಿನ್‌ಗೆ ಅವನು ಯಾವುದನ್ನೂ ಮುಚ್ಚಿಡಲಿಲ್ಲ. ಬರ್ಮದ ಭಾಷೆಯಲ್ಲಿ, ಉಸಿರು ಎಳೆದು ಎಳೆದು, ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ಮೀನು ಹಸನು ಮಾಡುವುದನ್ನು ನಿಲ್ಲಿಸಿ ಕೇಳಿದಳು.

"ನೀನು ಬದುಕಿದರೆ?"

"ಬದುಕುವುದಿಲ್ಲ."

"ಬದುಕಿದರೆ?"

"ಬದುಕುವುದಿಲ್ಲ ಎಂದು ಹೇಳಿದೆನಲ್ಲ."

ಅವಳು ಇನ್ನೊಂದು ಮೀನನ್ನು ಕೈಗೆ ತೆಗೆದುಕೊಂಡಳು. ಆಮೇಲೆ, ಸತ್ತವನಿಗೆ ಹೆಂಡತಿಯಾದರೂ ಅಷ್ಟೇ, ತಂಗಿಯಾದರೂ ಅಷ್ಟೇ ಎಂದಳು. ಹೇಳಿ, ಮೀನು ಮುಟ್ಟಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಕುಟುಂಬದವರು ಸೇರಿದರು. ಜಲಜಾಕ್ಷಿ ತನ್ನದೇ ಒಂದು ಸೀರೆಯನ್ನು ಕಿನ್ನಿಗೆ ಉಡಿಸಿದಳು. ದೈವದ ಕೋಣೆಯ ಬಾಗಿಲಲ್ಲಿ, ಸತ್ತ ಅಮ್ಮನ ಬದಲಿಗೆ ಚಿಕ್ಕಮ್ಮ ಅಮ್ಮಣಿ ಕೂತಿದ್ದಳು. ಹಲ್ಲಿಲ್ಲದ ಮುದುಕಿ. ಕಿನ್ನಿಯನ್ನು ಮಡಿಲಿಗೆ ಒರಗಿಸಿಕೊಂಡು ಬಾಯಿಗೆ ಹಾಲು ಬಿಟ್ಟು, "ಇವತ್ತಿನಿಂದ ಇವಳು ನನ್ನ ಅಕ್ಕನ ಹೊಟ್ಟೆಯಲ್ಲಿ ಹುಟ್ಟಿದವಳು, ಜಲಜನಿಗೂ ಮುದ್ದಣ್ಣನಿಗೂ ತಂಗಿ" ಎಂದು ದೈವಕ್ಕೆ ಕೇಳುವ ಹಾಗೆ ಹೇಳಿದಳು. ಪಾಯಸದ ಊಟವಾಯಿತು. ಚಾವಡಿಯಲ್ಲಿ ಮಲಗಿ ಇದನ್ನೆಲ್ಲ ನೋಡಿದ ಮುದ್ದಣ್ಣನಿಗೆ ರಂಗೂನು ಬಿಟ್ಟ ಮೇಲೆ ಮೊದಲ ಸಲ ನೆಮ್ಮದಿಯಾಯಿತು. ಕಿನ್ನಿಯ ಚಾಪೆ ಆ ದಿನವೇ ಹೆಂಗಸರ ಕೋಣೆಗೆ ಹೋಯಿತು.

ಇನ್ನು ಸಾಯುವುದೊಂದೇ ಬಾಕಿ. ಅದೊಂದು ಆಗಲಿಲ್ಲ.

ಆಟಿಯ ನಡುವೆ ಒಂದು ಮಧ್ಯಾಹ್ನ ಕೆಮ್ಮು ಉಕ್ಕಿ ಬಂದು, ಉಸಿರು ಸಿಕ್ಕಿಕೊಂಡು, ಬಟ್ಟಲು ತುಂಬ ಕೀವು ರಕ್ತ ಬಿತ್ತು. ಎಲ್ಲರೂ ಮುಗಿಯಿತೆಂದೇ ತಿಳಿದರು. ಅಮ್ಮಣಿ ತುಳಸಿ ನೀರು ತಂದಳು. ಮಾರನೆಯ ದಿನ ಜ್ವರವಿಲ್ಲ. ವಾರ ಕಳೆಯುವಾಗ ಅವನು ಗಂಜಿ ಕೇಳಿ ಕುಡಿದ. ಭಟ್ಟರು ಬಂದು ನೋಡಿ, ಮೋರೆ ಸಣ್ಣದು ಮಾಡಿಕೊಂಡು, "ಕ್ಷಯ ಅಲ್ಲ ಮುದ್ದಣ್ಣ ರೈಗಳೇ. ಎದೆಯ ಒಳಗೆ ಕುರು ಆಗಿತ್ತು, ಒಡೆದು ಹೋಯಿತು. ನೀವು ಬದುಕಿದಿರಿ" ಎಂದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ಆ ಸಾವಿರ ವರ್ಷ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ.

ಆಟಿ ಕಳೆದು ಸೋಣ ತಿಂಗಳಿಗೆ ಅವನು ಗದ್ದೆಯ ಬದಿಯವರೆಗೆ ನಡೆಯುವಷ್ಟಾದ. ಕಿನ್ನಿ ಕಳೆ ಕೀಳುತ್ತಿದ್ದಳು. ತಲೆ ಎತ್ತಿ ಅವನನ್ನು ನೋಡಿ ನಕ್ಕಳು, ಮರುಕ್ಷಣ ಸುತ್ತ ನೋಡಿ ತಲೆ ತಗ್ಗಿಸಿದಳು. ಮುದ್ದಣ್ಣ ನೆಟ್ಟಗೆ ಅಕ್ಕನ ಬಳಿಗೆ ಹೋದ.

"ಅಕ್ಕ, ಅದನ್ನು ರದ್ದು ಮಾಡಿಸು."

"ಯಾವುದನ್ನು?"

"ಯಾವುದು ಅಂತ ನಿನಗೆ ಗೊತ್ತುಂಟು."

ಜಲಜಾಕ್ಷಿ ಭತ್ತ ಗೇರುತ್ತಿದ್ದವಳು ಗೆರಸೆ ಕೆಳಗಿಟ್ಟಳು. "ಕುಡಿದ ಹಾಲು ಕಕ್ಕಿಸಲಿಕ್ಕೆ ಆಗ್ತದಾ? ದೈವದ ಎದುರು ತಂಗಿ ಅಂತ ಮಾಡಿ, ಈಗ ಅವಳೊಟ್ಟಿಗೆ ಸಂಸಾರ ಮಾಡಿದರೆ ಊರು ನಮ್ಮ ಮನೆಯ ನೀರು ಮುಟ್ಟುವುದಿಲ್ಲ. ಮತ್ತೆ ಕಮಲನ ಗತಿ? ನೀನೇ ಬೇಕು ಅಂದದ್ದು ತಮ್ಮ. ನಾನು ಒತ್ತಾಯ ಮಾಡಲಿಲ್ಲ."

ಒತ್ತಾಯ ಮಾಡಿರಲಿಲ್ಲ, ಅದು ನಿಜ. ಅವಳ ತೊಡೆಗೆ ಒರಗಿ ಕಮಲ ಭತ್ತದ ಜೊಳ್ಳು ಊದುತ್ತಿದ್ದಳು.

ಅವನು ಖಿನ್ ನೀರಿಗೆ ಬರುವ ದಾರಿಯಲ್ಲಿ ಕಾದು ನಿಂತ. ತನ್ನ ಹೆಂಡತಿಯೊಡನೆ ಮಾತಾಡಲು ಕಳ್ಳನ ಹಾಗೆ ಗಿಡದ ಮರೆಯಲ್ಲಿ ನಿಲ್ಲಬೇಕಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಹೋಗಿಬಿಡುವ. ಬೊಂಬಾಯಿಗೆ. ಅಲ್ಲಿ ಮಿಲ್ಲುಗಳಿವೆ."

"ಅಲ್ಲಿಗೆ ಮುಟ್ಟಿದರೆ ಆಯಿತು ಎಂದು ಈ ಸಲವೂ ಹೇಳುತ್ತೀಯಾ?" ಎಂದಳು ಖಿನ್. ಕೋಪವಿರಲಿಲ್ಲ. "ಹೆಜ್ಜೆ ಇಟ್ಟರೆ ನಿನಗೆ ಏದುಸಿರು. ನಾಳೆ ನೀನು ಮತ್ತೆ ಮಲಗಿದರೆ ನಾನು ಮಗುವನ್ನು ಎಲ್ಲಿಗೆ ಒಯ್ಯಲಿ? ಅವಳಿಗೆ ಈಗ ಒಂದು ಮನೆ ಇದೆ. ಅದನ್ನು ನಾನು ಬಿಡಿಸುವುದಿಲ್ಲ."

"ಹಾಗಾದರೆ ನಾನು?"

"ಅವಳಿಗೆ ಮದುವೆಯಾಗಲಿ. ಆಮೇಲೆ ನೀನು ಎಲ್ಲಿಗೆ ಕರೆದರೂ ಬರುತ್ತೇನೆ. ನನ್ನ ಮಾತು." ಅವಳು ಅವನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿ ಹಿಡಿದಳು. ಆ ಹಳದಿ ಲೇಪ ಅವನ ಕೈಗೆ ಅಂಟಿತು.

ಮುದ್ದಣ್ಣ ಆ ಮಾತನ್ನು ಗಂಟು ಕಟ್ಟಿಕೊಂಡು ಕಾಯಲು ಕೂತ.

ಊರಿಗೆ ನಿಜ ಗೊತ್ತಿತ್ತು. ಆದರೆ ದೈವದ ಎದುರು ಆಡಿದ ಮಾತು ನಿಜಕ್ಕಿಂತ ದೊಡ್ಡದು. ಊರೆಲ್ಲ ಸೇರಿ ಮರೆಯ ಹೊರಟರೆ ಮರೆಯಲಾಗದ ಸಂಗತಿಯೇ ಇಲ್ಲ. ಹಾಗಾದರೆ ಕಿನ್ನಿಯ ಗಂಡ ಯಾರು? ಅವನು ರಂಗೂನಿನಲ್ಲಿ ಬಾಂಬಿಗೆ ಸಿಕ್ಕಿ ಸತ್ತನೆಂದಾಯಿತು. ಗಂಡ ಸತ್ತವಳಿಗೆ ಕೆನ್ನೆಗೆ ಹಚ್ಚಿಕೊಳ್ಳುವುದು ಚಂದವಲ್ಲವೆಂದು ಜಲಜಾಕ್ಷಿ ಮೆಲ್ಲನೆ ಹೇಳಿದಳು. ಕಿನ್ನಿ ಕೊರಡನ್ನು ಅಟ್ಟಕ್ಕೆ ಹಾಕಿದಳು, ಮುಡಿಯ ಹೂ ತೆಗೆದಳು. ತಾನು ಸತ್ತ ಸುದ್ದಿಯನ್ನು ಮುದ್ದಣ್ಣ ಜಗಲಿಯಲ್ಲಿ ವೀಳ್ಯ ಜಗಿಯುತ್ತ ಕೇಳಿದ.

ಕಮಲ ಅವನನ್ನು ಬರ್ಮದವರ ಹಾಗೆ "ಅಪೇ" ಎಂದು ಕರೆಯುತ್ತಿದ್ದಳು. "ಹಾಗಲ್ಲ ಮಗಾ, ಮಾವ ಅನ್ನಬೇಕು" ಎಂದು ಜಲಜಾಕ್ಷಿ ಬೆಲ್ಲ ಕೊಟ್ಟು ಕಲಿಸಿದಳು. ಮಕ್ಕಳು ಬೆಲ್ಲದ ಪಾಠ ಬೇಗ ಕಲಿಯುತ್ತಾರೆ. ಸ್ವಲ್ಪ ಕಾಲ ಯಾರೂ ಇಲ್ಲದಾಗ ಅಪೇ ಎನ್ನುತ್ತಿದ್ದಳು, ಆಮೇಲೆ ಅದೂ ಹೋಯಿತು. ವಿಚಿತ್ರ ನೋಡಿ: ಅಪ್ಪನಾಗಿ ಮಗಳಿಗೆ ಒಂದು ಹಿಡಿ ಮಣ್ಣು ಕೊಡುವ ಹಕ್ಕಿಲ್ಲದವನು, ಮಾವನಾದ ಮೇಲೆ ಗದ್ದೆ, ತೋಟ, ಮನೆ ಎಲ್ಲವನ್ನೂ ಅವಳಿಗಾಗಿಯೇ ಆಳಿದ. ಇನ್ನೊಂದು ಮದುವೆಯ ಮಾತು ಬಂದರೆ ಎದ್ದು ಹೋಗುತ್ತಿದ್ದ.

ಯುದ್ಧ ಮುಗಿಯಿತು. ಹಡಗುಗಳು ಮತ್ತೆ ರಂಗೂನಿಗೆ ಹೊರಟವು. ಬ್ರಿಟಿಷರು ಹೋದರು. ವರ್ಷಕ್ಕೊಮ್ಮೆ ಮುದ್ದಣ್ಣ ಆ ಟ್ರಂಕನ್ನು ಬಿಸಿಲಿಗಿಟ್ಟು, ಬೀಗಕ್ಕೆ ಎಣ್ಣೆ ಬಿಟ್ಟು, ಮತ್ತೆ ಮಂಚದ ಕೆಳಗೆ ನೂಕುತ್ತಿದ್ದ. ಎದುರಿಗೆ ಯಾರೂ ಇಲ್ಲದಾಗ ಖಿನ್‌ಳೊಡನೆ ಬರ್ಮದ ಭಾಷೆಯಲ್ಲಿ ಒಂದೆರಡು ಮಾತಾಡುವುದು ಅವನ ಆಸೆ. ಮೊದಮೊದಲು ಅವಳೂ ಅದರಲ್ಲೇ ಉತ್ತರ ಕೊಡುತ್ತಿದ್ದಳು. ಬರಬರುತ್ತ ತುಳುವಿನಲ್ಲಿ ಕೊಡತೊಡಗಿದಳು. ಜಾಗ್ರತೆ ಮಾಡುತ್ತಾಳೆ, ಜಾಣೆ ಎಂದುಕೊಂಡ. ಎಲ್ಲರ ಎದುರು ಅವಳು "ಅಣ್ಣ" ಎಂದು ಕರೆದಾಗ ಮೊದಲು ಎದೆಗೆ ಚುಚ್ಚುತ್ತಿತ್ತು. ಎಷ್ಟು ಚೆನ್ನಾಗಿ ನಟಿಸುತ್ತಾಳೆಂದು ಮೆಚ್ಚಿ ಅವನು ಆ ಮುಳ್ಳನ್ನು ತೆಗೆದುಕೊಂಡ.

ಕಮಲನಿಗೆ ಹದಿನೆಂಟಾದಾಗ ಕುಂಬಳೆಯ ಕಡೆಯಿಂದ ಸಂಬಂಧ ಬಂತು. ಹುಡುಗ ಜಯಪಾಲ, ಶಾಲೆಯ ಮಾಸ್ತರ. ಬಂದವರು ಬರಿ ಕೇಳಿದರು; ಜಲಜಾಕ್ಷಿ ತಲೆ ಎತ್ತಿ ಹೇಳಿದಳು. ಹುಡುಗನ ಕಡೆಯ ಒಬ್ಬ ಮುದುಕ ಎಲೆಗೆ ಸುಣ್ಣ ಹಚ್ಚುತ್ತ ಮುದ್ದಣ್ಣನ ಹತ್ತಿರ ಸರಿದ.

"ನಿಮ್ಮ ಭಾವ ಬರ್ಮದಲ್ಲಿ ತೀರಿಕೊಂಡದ್ದಂತೆ. ಅಲ್ಲಿ ಎಂತ ಮಾಡ್ತಿದ್ದದ್ದು?"

"ಅಕ್ಕಿ ಮಿಲ್ಲಿನಲ್ಲಿ ಮೇಸ್ತ್ರಿ."

"ಒಳ್ಳೆಯ ಜನವಾ?"

ಮುದ್ದಣ್ಣ ಅಡಕೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡ. "ಹೆಂಡತಿ ಮಗಳ ಮೇಲೆ ಪ್ರೀತಿ ಇತ್ತು," ಎಂದ.

"ಪಾಪ," ಎಂದ ಮುದುಕ.

ಧಾರೆಯ ದಿನ ಗಿಂಡಿಯಿಂದ ನೀರು ಎರೆದವನು ಮಾವ ಮುದ್ದಣ್ಣನೇ. ಕಿನ್ನಿ ಒಳಬಾಗಿಲ ಹಿಂದೆ ನಿಂತು ನೋಡಿದಳು. ಮಂಗಳಕಾರ್ಯದ ಎದುರಿಗೆ ಅವಳು ಬರುವ ಹಾಗಿರಲಿಲ್ಲ. ಕಮಲ ಹೊರಡುವಾಗ ಅವನ ಕಾಲು ಮುಟ್ಟಿ, "ಮಾವ, ಬರ್ತೇನೆ" ಎಂದು ಅತ್ತಳು. ಇನ್ನೊಂದು ಮಾತು ಬರಬಹುದೆಂದು ಅವನು ಅವಳ ಬಾಯನ್ನೇ ನೋಡಿದ. ಬರಲಿಲ್ಲ. ಪರವಾಗಿಲ್ಲ, ಅವಳಿಗೆ ಮನೆಯಾಯಿತು, ತಾನು ಕಾಯಬೇಕಾದದ್ದು ಮುಗಿಯಿತು ಎಂದುಕೊಂಡ.

ಮಾರನೆಯ ದಿನ ಆಳುಗಳು ಚಪ್ಪರ ಬಿಚ್ಚಿ ಊಟಕ್ಕೆ ಹೋದರು. ಜಲಜಾಕ್ಷಿ ದಣಿದು ಒಳಗೆ ಮಲಗಿದ್ದಳು. ಹಿತ್ತಿಲಿನಲ್ಲಿ ಕಿನ್ನಿ ಒಬ್ಬಳೇ ದೊಡ್ಡ ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದಳು. ಮುದ್ದಣ್ಣ ಒಗೆದ ಅಂಗಿ ತೊಟ್ಟು ಅವಳ ಮುಂದೆ ಹೋಗಿ ನಿಂತ. ಅರ್ಧ ನರೆತ ತಲೆಯನ್ನು ಹುಡುಗನ ಹಾಗೆ ನೀರು ಹಚ್ಚಿ ಬಾಚಿದ್ದ.

"ಮಾ ಖಿನ್," ಎಂದ ಬರ್ಮದ ಭಾಷೆಯಲ್ಲಿ. "ಟ್ರಂಕು ತೆಗೆದಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಕುಂಬಳೆಗೆ ಹೋಗುವ."

ಅವಳು ಹೊಗೆಗೆ ಕಣ್ಣು ಕಿರಿದು ಮಾಡಿ ತಿರುಗಿದಳು. "ಎಲ್ಲಿಗೆ ಹೊರಟದ್ದು ಅಣ್ಣ? ಹೋಗುವುದಾದರೆ ಬೇಗ ಬನ್ನಿ. ಕೊಯ್ಲಿಗೆ ಜನ ಹೇಳಬೇಕಲ್ಲ."

ಮುದ್ದಣ್ಣ ಸುತ್ತ ನೋಡಿದ. ಯಾರೂ ಇರಲಿಲ್ಲ. ಅವಳು ಯಾರಿಗಾಗಿಯೂ ನಟಿಸಬೇಕಾಗಿರಲಿಲ್ಲ.

"ನೀನು ಮಾತು ಕೊಟ್ಟಿದ್ದೆ," ಎಂದು ಅವಳ ಮುಂಗೈ ಹಿಡಿದ.

ಕಿನ್ನಿ ಕೈಯನ್ನು ಥಟ್ಟನೆ ಎಳೆದುಕೊಂಡಳು. ಹೆದರಿಕೆಯಿಂದಲ್ಲ, ಸಿಟ್ಟಿನಿಂದಲೂ ಅಲ್ಲ. ಒಡಹುಟ್ಟಿದವನು ಹಾಗೆ ಹಿಡಿದರೆ ಯಾವ ಹೆಣ್ಣಿಗೂ ಆಗುವ ಹೇಸಿಗೆ ಅದು. ಅದು ಅವಳ ಮೋರೆಯಲ್ಲಿ ಸ್ಪಷ್ಟವಾಗಿ ಕಂಡಿತು, ಅವಳಿಗೂ ತಿಳಿಯಿತು. ಅವಳು ಒಲೆಯ ಬದಿಯಲ್ಲಿ ಕುಸಿದು ಕೂತಳು. ಹಳೆಯ ಭಾಷೆಗಾಗಿ ತಡಕಾಡಿದಳು, ಒಂದು ಶಬ್ದವೂ ಬಾಯಿಗೆ ಬರಲಿಲ್ಲ.

"ಕೊಟ್ಟಿದ್ದೆ. ಕೊಟ್ಟವಳು ನಾನೇ. ಆದರೆ ನಿಮ್ಮನ್ನು ನೋಡಿದರೆ ನನಗೆ ಅಣ್ಣ ಅಂತಲೇ ಕಾಣುವುದು. ಯಾವಾಗ ಹಾಗಾಯಿತು ಅಂತ ನನಗೇ ಗೊತ್ತಾಗಲಿಲ್ಲ. ನಾನು ಎಂತ ಮಾಡಲಿ, ನೀವೇ ಹೇಳಿ."

"ಆ ಕೊರಡು ಅಟ್ಟದಲ್ಲಿ ಉಂಟಾ?" ಎಂದು ಅವನು ಕೇಳಿದ.

"ಯಾವುದು? ಓ, ಅದಾ. ಹೋದ ವರ್ಷ ಸೌದೆ ಕಡಿಮೆ ಆದಾಗ ಈ ಒಲೆಗೇ ಹಾಕಿದೆ."

ಮುದ್ದಣ್ಣ ಜಗಲಿಗೆ ಹೋಗಿ ಕೂತ. ಹಿತ್ತಿಲಿನಿಂದ ಬೇಯುವ ಭತ್ತದ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಿನ್ನಿ, ಮುಖ ತೊಳೆದುಕೊಂಡು, ಬಾಗಿಲಲ್ಲಿ ಬಂದು ನಿಂತಳು.

"ಅಣ್ಣ, ಗಂಜಿ ಬಡಿಸಿದ್ದೇನೆ. ಏಳಿ."

ಅವನು ಎದ್ದು ಹೋಗಿ ಉಂಡ.